ಪರ್ಸಿವಲ್ ಎವರೆಟ್: 40 ವರ್ಷ ಯಾರೂ ನೋಡಲಿಲ್ಲವೋ, ಅವರೇ ಕೈಗೆ ಸಿಗಲಿಲ್ಲವೋ?

ಪುಟತಿರುವಿ:
ಮೊನ್ನೆ ರಾತ್ರಿ ಎರಡು ಗಂಟೆಗೆ 'ಜೇಮ್ಸ್' ಓದಿ ಮುಗಿಸಿದೆ. ಅಮೆರಿಕದ ಪರ್ಸಿವಲ್ ಎವರೆಟ್ ಬರೆದ ಕಾದಂಬರಿ, 2024ರಲ್ಲಿ ಬಂದದ್ದು. ಮಾರ್ಕ್ ಟ್ವೇನ್ ಬರೆದ 'ಹಕಲ್‌ಬೆರಿ ಫಿನ್' ಗೊತ್ತಲ್ಲ, ಹಕ್ ಅನ್ನೋ ಹುಡುಗ ಮತ್ತು ಓಡಿಬಂದ ಗುಲಾಮ ಜಿಮ್ ತೆಪ್ಪ ಹತ್ತಿ ಮಿಸಿಸಿಪ್ಪಿ ನದಿಯಲ್ಲಿ ಸಾಗುವ ಕತೆ. ಇಲ್ಲಿ ಅದನ್ನು ಜಿಮ್ ಹೇಳುತ್ತಾನೆ. ಅದೇ ವರ್ಷ ನ್ಯಾಷನಲ್ ಬುಕ್ ಅವಾರ್ಡ್ ಬಂತು, 2025ರಲ್ಲಿ ಪುಲಿಟ್ಜರ್ ಬಂತು.

ಆಮೇಲೆ ಇವರು ಯಾರು ಅಂತ ಹುಡುಕಿದೆ. ಹುಟ್ಟಿದ್ದು 1956ರಲ್ಲಿ. ಮೊದಲ ಕಾದಂಬರಿ 1983ರಲ್ಲಿ. ಅಲ್ಲಿಂದ ಇಲ್ಲಿವರೆಗೆ 20ಕ್ಕೂ ಜಾಸ್ತಿ ಕಾದಂಬರಿ, ಜೊತೆಗೆ ಸಣ್ಣಕತೆ, ಕವಿತೆ. ಇಷ್ಟೆಲ್ಲ ಬರೆದವರ ಹೆಸರನ್ನೇ ನಾನು ಕೇಳಿರಲಿಲ್ಲ! ನನಗೆ ಅನಿಸಿದ್ದು ಇದು: ಅಲ್ಲಿನ ಪ್ರಕಾಶಕರಿಗೆ ಕಪ್ಪು ಲೇಖಕರಿಂದ ಒಂದೇ ನಮೂನೆಯ ಕತೆ ಬೇಕು. ಕೇರಿ, ಬಡತನ, ಬಂದೂಕು, ಕಣ್ಣೀರು. ಅದನ್ನು ಕೊಡದವರನ್ನು ಮೂಲೆಗೆ ಕೂರಿಸುತ್ತಾರೆ. ಎವರೆಟ್ ಅವರನ್ನು 40 ವರ್ಷ ಕೂರಿಸಿದರು. ಒಪ್ತೀರಾ?

ಸಂಶಯಾತ್ಮ:
ಅರ್ಧ ಒಪ್ತೇನೆ. ಮೂಲೆಗೆ ಕೂರಿಸಿದರು ಅನ್ನುವುದು ಕೇಳೋಕೆ ಚೆನ್ನಾಗಿದೆ. ಆದರೆ ಮೂಲೆಯಲ್ಲಿ ಕೂತವರ ಪುಸ್ತಕ ಎರಡು ವರ್ಷಕ್ಕೊಂದರಂತೆ ಹೊರಬರುತ್ತದಾ? ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಕೆಲಸ, ಸಂಬಳಕ್ಕೆ ಕೊರತೆಯಿಲ್ಲ. ಬಿಡುವಿದ್ದಾಗ ಚಿತ್ರ ಬರೆಯುತ್ತಾರೆ, ಗಿಟಾರ್ ರಿಪೇರಿ ಮಾಡುತ್ತಾರೆ. ಕುದುರೆ, ಹೇಸರಗತ್ತೆ ಪಳಗಿಸಿದ್ದೂ ಉಂಟು. ನನಗಂತೂ ಇದು ಹೊಟ್ಟೆಕಿಚ್ಚು ಪಡುವಂಥ ಬದುಕು.

ಜನ ಹಿಡಿಯದೇ ಹೋದದ್ದಕ್ಕೆ ಕಾರಣ ಬೇರೆ. ಒಂದು ಕಾದಂಬರಿಯಲ್ಲಿ ಮಾತೇ ಆಡದೆ ಬರೆದು ತೋರಿಸುವ ಕೂಸು, ಅದರ ಐಕ್ಯೂ 475. ಇನ್ನೊಂದರಲ್ಲಿ ಹುಡುಗನ ಹೆಸರೇ 'ನಾಟ್ ಸಿಡ್ನಿ ಪ್ವಾಟಿಯೆ', ಅಂದರೆ ಸಿಡ್ನಿ ಪ್ವಾಟಿಯೆ ಅನ್ನೋ ಹೆಸರಾಂತ ಕಪ್ಪು ನಟ ಅಲ್ಲದವನು ಅಂತ. ಮತ್ತೊಂದರಲ್ಲಿ 'ಏನೂ ಇಲ್ಲ' ಎಂಬುದರ ಮೇಲೆಯೇ ಸಂಶೋಧನೆ ಮಾಡುವ ಗಣಿತದ ಮೇಷ್ಟ್ರು. ಇವತ್ತು ಮಸಾಲೆ ದೋಸೆ ತಿಂದು ಖುಷಿಯಾಗಿ ನಾಳೆ ಅದೇ ಹೋಟೆಲಿಗೆ ಹೋದರೆ ಅಲ್ಲಿ ಸೈಕಲ್‌ಗೆ ಪಂಕ್ಚರ್ ಹಾಕ್ತಾ ಕೂತಿದ್ದಾರೆ. ಗಿರಾಕಿ ಹೇಗೆ ನಿಲ್ಲುತ್ತಾನೆ ಹೇಳಿ.

ಕಡಲಾಚೆ ಭಟ್ಟ:
ಪಂಕ್ಚರ್ ಚೆನ್ನಾಗಿ ಹಾಕಿದರೆ ನಿಲ್ಲುತ್ತಾನೆ ಸ್ವಾಮಿ. ನಾನೇ ಇದ್ದೇನಲ್ಲ.

ನಾನಿರುವುದು ಸಿಯಾಟಲ್ ಹತ್ತಿರ. ಅವರ ಮೊದಲ ಕಾದಂಬರಿ 'ಸೂಡರ್' ನಮ್ಮ ಊರಿನ ಮರಿನರ್ಸ್ ತಂಡದ ಬೇಸ್‌ಬಾಲ್ ಆಟಗಾರನ ಕತೆ. ಫಾರ್ಮ್ ಹೋಗಿದೆ. ಬ್ಯಾಟಿಗೆ ಚೆಂಡು ಸಿಗುತ್ತಿಲ್ಲ, ಮನೆಯಲ್ಲೂ ಸರಿಯಿಲ್ಲ. ಒಂದು ದಿನ ಎಲ್ಲ ಬಿಟ್ಟು ಹೊರಡುತ್ತಾನೆ. ಸ್ಯಾಕ್ಸೊಫೋನ್ ಇದೆ, ಜಾಝ್ ವಾದಕ ಚಾರ್ಲಿ ಪಾರ್ಕರ್ ರೆಕಾರ್ಡ್ ಇದೆ, ದಾರಿಯಲ್ಲಿ ಒಂದು ಆನೆಯೂ ಜೊತೆಯಾಗುತ್ತದೆ. ಕೊನೆಗೆ ಅವನಿಗೆ ಹಾರಬೇಕು. ಹೌದು, ಹಕ್ಕಿ ಥರ. 26ನೇ ವಯಸ್ಸಿಗೇ ಹೀಗೆ ಶುರು ಮಾಡಿದವರು ಮುಂದೆ ಸಾಲಾಗಿ ನಡೆಯುತ್ತಾರೆ ಅಂತ ಯಾರು ಅಂದುಕೊಳ್ಳುತ್ತಾರೆ?

ಇಂಗ್ಲಿಷ್ ಮೇಷ್ಟ್ರು:
ಪುಟತಿರುವಿ ಅವರ ಮಾತಿಗೆ ಎವರೆಟ್ ಅವರೇ ಸಾಕ್ಷಿ ಹೇಳಿದ್ದಾರೆ. 2001ರ 'ಇರೇಷರ್' ಓದಿ. ಅದರ ನಾಯಕ ಮಂಕ್, ಕಪ್ಪು ಲೇಖಕ, ಪ್ರೊಫೆಸರ್. ಗ್ರೀಕ್ ನಾಟಕಗಳನ್ನು ಹಿಡಿದು ಕಾದಂಬರಿ ಬರೆಯುವವನು. ಒಂದು ದೊಡ್ಡ ಪುಸ್ತಕದಂಗಡಿಗೆ ಹೋಗಿ ತನ್ನ ಪುಸ್ತಕ ಹುಡುಕುತ್ತಾನೆ. ಸಾಹಿತ್ಯದ ಕಪಾಟಿನಲ್ಲಿ ಇಲ್ಲ. 'ಆಫ್ರಿಕನ್ ಅಮೆರಿಕನ್ ಅಧ್ಯಯನ' ಅನ್ನೋ ಕಪಾಟಿನಲ್ಲಿದೆ. ಆ ಪುಸ್ತಕದಲ್ಲಿ ಆಫ್ರಿಕನ್ ಅಮೆರಿಕನ್ ಆಗಿರುವುದು ಒಂದೇ, ರಕ್ಷಾಪುಟದಲ್ಲಿರುವ ಅವನ ಫೋಟೋ! ರೋಸಿಹೋಗಿ, ಜನ ಕೇಳುವ ಕೇರಿ ಕತೆಯನ್ನೇ ಅಣಕ ಮಾಡಿ ಸುಳ್ಳು ಹೆಸರಲ್ಲಿ ಒಂದು ಕಾದಂಬರಿ ಗೀಚುತ್ತಾನೆ. ಅದಕ್ಕೆ ದುಡ್ಡೋ ದುಡ್ಡು, ಪ್ರಶಸ್ತಿ ಬೇರೆ. ಆ ಅಣಕ ಕಾದಂಬರಿಯನ್ನು ಎವರೆಟ್ ಪೂರ್ತಿಯಾಗಿ ಬರೆದು ಒಳಗೆ ಇಟ್ಟಿದ್ದಾರೆ. ಓದುತ್ತಾ ನಗು ಬರುತ್ತದೆ. ಆಮೇಲೆ ನಗುತ್ತಿರುವ ನಾನು ಯಾರು ಅಂತ ಸ್ವಲ್ಪ ಮುಜುಗರವಾಗುತ್ತದೆ.

ಕೋರ್ಡ್ ಜೆಫರ್ಸನ್ 2023ರಲ್ಲಿ ಇದನ್ನೇ 'ಅಮೆರಿಕನ್ ಫಿಕ್ಷನ್' ಅಂತ ಸಿನಿಮಾ ಮಾಡಿದರು. ಸಿನಿಮಾ ಚೆನ್ನಾಗಿದೆ, ಸ್ವಲ್ಪ ಮೆತ್ತಗಿದೆ. ಪುಸ್ತಕದಲ್ಲಿ ಮಂಕ್‌ನ ಡಾಕ್ಟರ್ ಅಕ್ಕನನ್ನು ಗರ್ಭಪಾತ ವಿರೋಧಿಗಳು ಕೊಲ್ಲುತ್ತಾರೆ. ಸಿನಿಮಾದಲ್ಲಿ ಆಕೆಗೆ ಹೃದಯಾಘಾತ.

ಸಂಶಯಾತ್ಮ:
ಮೇಷ್ಟ್ರೇ, ನೀವು ಸಿನಿಮಾ ಅಂದಿರಿ, ಅಲ್ಲೇ ನನ್ನ ಉತ್ತರ ಇದೆ. ಜೆಫರ್ಸನ್ ಅವರ ಚಿತ್ರಕತೆಗೆ ಆಸ್ಕರ್ ಬಂದದ್ದು 2024ರ ಮಾರ್ಚ್ 10ಕ್ಕೆ. 'ಜೇಮ್ಸ್' ಬಿಡುಗಡೆಯಾದದ್ದು ಮಾರ್ಚ್ 19ಕ್ಕೆ. ಒಂಬತ್ತೇ ದಿನ! ಜೊತೆಗೆ ಪ್ರಕಾಶಕರೂ ಬದಲಾಗಿದ್ದರು. 90ರ ದಶಕದಿಂದ ಅವರ ಬಹುಪಾಲು ಕಾದಂಬರಿ ತಂದದ್ದು ಗ್ರೇವುಲ್ಫ್, ಮಿನಿಯಾಪೊಲಿಸ್‌ನ ಲಾಭದ ಆಸೆಯಿಲ್ಲದ ಪುಟ್ಟ ಸಂಸ್ಥೆ. 'ಜೇಮ್ಸ್' ತಂದದ್ದು ಡಬಲ್‌ಡೇ. ಊರೂರಿಗೆ ಪುಸ್ತಕ ತಲುಪಿಸುವ ತಾಕತ್ತು ಇರುವವರು. ಅಮೆರಿಕದಲ್ಲಿ ಎಲ್ಲರೂ ಶಾಲೆಯಲ್ಲಿ ಓದಿದ ಕತೆಯ ಮರುರೂಪ ಬೇರೆ. ಓದುಗರ ಮನಸ್ಸು ದಿಢೀರ್ ಬದಲಾಯಿತು ಅಂತ ಏನಿಲ್ಲ. ಪುಸ್ತಕ ಕಣ್ಣಿಗೆ ಬಿತ್ತು, ಅಷ್ಟೇ.

ಪುಲಿಟ್ಜರ್ ವಿಷಯವನ್ನೂ ಹೇಳಿಬಿಡ್ತೇನೆ. ತೀರ್ಪುಗಾರರು ಮೊದಲು ಆರಿಸಿದ್ದು ಬೇರೆ ಮೂರು ಪುಸ್ತಕ. ಮಂಡಳಿಯಲ್ಲಿ ಯಾವುದಕ್ಕೂ ಬಹುಮತ ಬರಲಿಲ್ಲ. ಆಮೇಲೆ ನಾಲ್ಕನೆಯದಾಗಿ ಬಂದದ್ದು 'ಜೇಮ್ಸ್'.

ಪುಟತಿರುವಿ:
ಅಂದರೆ ಬಿಟ್ಟಿ ಸಿಕ್ಕಿತು ಅಂತೀರಾ?

ಸಂಶಯಾತ್ಮ:
ಛೆ, ಹಾಗಲ್ಲ. ಬಹುಮತ ಬರದಿದ್ದರೆ ಕೊಡದೇ ಇರಬಹುದಿತ್ತು. 2012ರಲ್ಲಿ ಕಾದಂಬರಿಗೆ ಪುಲಿಟ್ಜರ್ ಕೊಡಲೇ ಇಲ್ಲ. ಪ್ರಶಸ್ತಿ ಪಟ್ಟಿ ಹಿಡಿದು ಲೇಖಕರ ಬದುಕು ಅಳೆಯಬೇಡಿ ಅಂತಿದ್ದೇನೆ. ಬುಕರ್‌ನ ಕೊನೆಯ ಸುತ್ತಿಗೆ ಎರಡು ಸಲ ಬಂದರು, 2022ರಲ್ಲಿ 'ದಿ ಟ್ರೀಸ್'ಗೆ, 2024ರಲ್ಲಿ 'ಜೇಮ್ಸ್'ಗೆ. ಎರಡೂ ಸಲ ಸಿಗಲಿಲ್ಲ. ನನ್ನ ಲೆಕ್ಕದಲ್ಲಿ 'ದಿ ಟ್ರೀಸ್' ಇದಕ್ಕಿಂತ ದೊಡ್ಡ ಪುಸ್ತಕ.

ಕಡಲಾಚೆ ಭಟ್ಟ:
ಯಾರೂ ಬಾವುಟದ ವಿಷಯ ಎತ್ತಲಿಲ್ಲವಲ್ಲ. ಅವರು ಬೆಳೆದ ಊರು ಸೌತ್ ಕ್ಯಾರೊಲಿನಾದ ಕೊಲಂಬಿಯಾ. ನಾನು ಎಂಎಸ್ ಮಾಡಿದ್ದೂ ಅಲ್ಲೇ. ಕ್ಯಾಂಪಸ್‌ನಿಂದ ನಡೆದುಹೋದರೆ ರಾಜ್ಯದ ಶಾಸನಸಭೆ ಸಿಗುತ್ತದೆ. ಆಗ ಅದರ ಮುಂದೆ ಸೈನಿಕರ ಸ್ಮಾರಕದ ಪಕ್ಕ ಕಾನ್ಫೆಡರೇಟ್ ಬಾವುಟ ಹಾರುತ್ತಿತ್ತು. ಗುಲಾಮಗಿರಿ ಉಳಿಸಿಕೊಳ್ಳೋಕೆ ಯುದ್ಧ ಮಾಡಿದವರ ಬಾವುಟ. ಮೊದಲ ದಿನ ನಾನು ಏನೂ ತಿಳಿಯದೆ ಅದರ ಮುಂದೆ ನಿಂತು ಮನೆಗೆ ಸೆಲ್ಫಿ ಕಳಿಸಿದ್ದೆ. ನನ್ನ ರೂಮ್‌ಮೇಟ್, ಕಪ್ಪು ಹುಡುಗ, ಫೋಟೋ ನೋಡಿ ಏನೂ ಅನ್ನಲಿಲ್ಲ. ಸುಮ್ನೆ ಫೋನ್ ವಾಪಸ್ ಕೊಟ್ಟ.

1989ರಲ್ಲಿ ಅದೇ ಸಭೆಗೆ ಎವರೆಟ್ ಅವರನ್ನು ಭಾಷಣಕ್ಕೆ ಕರೆದಿದ್ದರು. ಆಗ ಬಾವುಟ ಗುಮ್ಮಟದ ಮೇಲೇ ಇತ್ತು. ಮಾತು ಶುರು ಮಾಡಿದವರು, ಈ ಬಾವುಟ ಇರುವ ಕಡೆ ಮುಂದುವರಿಸಲಾರೆ ಅಂತ ನಿಲ್ಲಿಸಿಬಿಟ್ಟರು. 2000ದಲ್ಲಿ ಅದನ್ನು ಗುಮ್ಮಟದಿಂದ ಇಳಿಸಿ ಕೆಳಗೆ ನೆಟ್ಟರು. ಅಲ್ಲಿಂದ ಪೂರ್ತಿ ತೆಗೆದದ್ದು 2015ರ ಜುಲೈನಲ್ಲಿ, ಚಾರ್ಲ್‌ಸ್ಟನ್ ಚರ್ಚಿನಲ್ಲಿ ಬಿಳಿಯನೊಬ್ಬ ಒಂಬತ್ತು ಕಪ್ಪು ಜನರನ್ನು ಕೊಂದ ಮೇಲೆ.

ಆದರೆ ಎವರೆಟ್ ಕೋಪದಿಂದ ಎದ್ದುಹೋಗಿ ಅಲ್ಲಿಗೇ ಬಿಡಲಿಲ್ಲ. ಆಮೇಲೆ ಒಂದು ಸಣ್ಣಕತೆ ಬರೆದರು. ಕೊಲಂಬಿಯಾದ ಒಬ್ಬ ಕಪ್ಪು ಗಿಟಾರ್‌ವಾದಕ. ಬಿಳಿ ಹುಡುಗರ ಗುಂಪೊಂದು ಚುಡಾಯಿಸೋಕೆ 'ಡಿಕ್ಸಿ' ನುಡಿಸು ಅನ್ನುತ್ತದೆ. ಹಳೆಯ ದಕ್ಷಿಣವನ್ನು ಹೊಗಳುವ ಹಾಡು ಅದು. ಅವನು ಸಿಟ್ಟಾಗುವುದಿಲ್ಲ. ನಿಧಾನವಾಗಿ, ತನ್ನದೇ ಊರಿನ ಹಾಡು ಅನ್ನುವಂತೆ ಹಾಡುತ್ತಾನೆ. ಕೇಳಿದವರ ನಗು ನಿಂತುಹೋಗುತ್ತದೆ. ಮುಂದೆ ಆ ಬಾವುಟ ಅಂಟಿಸಿದ ಹಳೆಯ ಪಿಕಪ್ ಕೊಂಡು, ಇದು ನಮ್ಮದೇ ಬಾವುಟ ಅಂತ ಓಡಾಡುತ್ತಾನೆ. ಊರಿನ ಕಪ್ಪು ಜನರೂ ಅದನ್ನು ಹಚ್ಚಿಕೊಳ್ಳುತ್ತಾರೆ. ಆಮೇಲೆ ಬಿಳಿಯರಿಗೆ ಅದು ಬೇಡವಾಗುತ್ತದೆ. ಒಂದು ದಿನ ಸದ್ದಿಲ್ಲದೆ ಇಳಿದುಹೋಗುತ್ತದೆ. ಇಷ್ಟು ಜಾಣತನದ ಸೇಡು ನಾನು ಬೇರೆ ಕಡೆ ಓದಿಲ್ಲ.

ಇಂಗ್ಲಿಷ್ ಮೇಷ್ಟ್ರು:
ಭಟ್ರೇ, ನೆನಪಿಸಿದ್ದು ಒಳ್ಳೆಯದಾಯಿತು. ಆ 'ಡಿಕ್ಸಿ' ಹಾಡು ಡ್ಯಾನ್ ಎಮೆಟ್ ಎಂಬವನದು ಅನ್ನುತ್ತಾರೆ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಹಾಡಿನ ಮೇಳ ನಡೆಸುತ್ತಿದ್ದವನು. ಅವನೇ 'ಜೇಮ್ಸ್'ನಲ್ಲಿ ಪಾತ್ರವಾಗಿ ಬರುತ್ತಾನೆ! ಮೇಳಕ್ಕೆ ಜಿಮ್‌ನನ್ನು ಸೇರಿಸಿಕೊಂಡು ಅವನ ಕಪ್ಪು ಮುಖಕ್ಕೂ ಮಸಿ ಬಳಿಸುತ್ತಾನೆ. ಕಪ್ಪು ಮನುಷ್ಯ, ಕಪ್ಪು ಮನುಷ್ಯನ ವೇಷ ಹಾಕಿದ ಬಿಳಿಯನ ವೇಷ ಹಾಕಬೇಕು. ಅಂದರೆ ಸಂಶಯಾತ್ಮ ಅವರೇ, ನೀವು ದೋಸೆ, ಪಂಕ್ಚರ್ ಅಂದಿರಿ. ನೋಡಿದರೆ ಹೋಟೆಲ್ ಒಂದೇ. ಎವರೆಟ್ ಒಂದೇ ಎಳೆಯನ್ನು ಬೇರೆ ಬೇರೆ ಕಡೆಯಿಂದ ಜಗ್ಗುತ್ತಿದ್ದಾರೆ.

ಸಂಶಯಾತ್ಮ:
ಇದು ನನಗೆ ಹೊಳೆದಿರಲಿಲ್ಲ. ಒಂದು ಅಂಕ ನಿಮಗೆ.

ಕಾವೇರಿ ದಂಡೆ:
ಎರಡು ದಿನದಿಂದ ಸುಮ್ನೆ ಓದ್ತಾ ಇದ್ದೆ. ನಾನು ಕೊಳ್ಳೇಗಾಲದ ಕಡೆಯವನು. ಎವರೆಟ್ ಅವರದು 'ಜೇಮ್ಸ್' ಒಂದೇ ಓದಿರುವುದು. ಶುರುವಿನಲ್ಲೇ ಒಂದು ಪಾಠದ ದೃಶ್ಯ ಇದೆ. ಜಿಮ್ ತಮ್ಮ ಗುಡಿಸಲಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬಿಳಿಯರ ಮುಂದೆ ಹೇಗೆ ಮಾತಾಡಬೇಕು ಅಂತ ಕಲಿಸುತ್ತಾನೆ. ತಮ್ಮತಮ್ಮಲ್ಲಿ ಅವರು ಶುದ್ಧ ಇಂಗ್ಲಿಷ್ ಆಡುತ್ತಾರೆ. ಬಿಳಿಯರು ಬಂದರೆ ತೊದಲು ಭಾಷೆ. ಯಜಮಾನಿಯ ಅಡುಗೆಮನೆಯಲ್ಲಿ ಬೆಂಕಿ ಹತ್ತಿಕೊಂಡರೆ ಏನನ್ನಬೇಕು? ಒಂದು ಮಗು ಬೆಂಕಿ ಬೆಂಕಿ ಅನ್ನುತ್ತದೆ. ತಪ್ಪು. ಅಯ್ಯೋ ಅಮ್ಮೋರೇ ಅಲ್ನೋಡಿ ಅನ್ನಬೇಕು. ಬೆಂಕಿ ಅಂತ ಹೆಸರಿಟ್ಟು ಹೇಳುವ ಹಕ್ಕು ಬಿಳಿಯರದು.

ಇಲ್ಲಿ ಪುಸ್ತಕ ಮಡಚಿ ಎದ್ದು ಹೋದೆ. ನಮ್ಮ ತಾತ ಒಬ್ಬ ಗೌಡರ ಗದ್ದೆಯಲ್ಲಿ ಆಳಾಗಿದ್ದರು. ಅವರ ಮುಂದೆ ನಿಂತರೆ ಹೆಗಲ ಟವೆಲ್ ಸೊಂಟಕ್ಕೆ ಬರುತ್ತಿತ್ತು. ಮಾತಿಗೊಂದು 'ಬುದ್ಧೀ'. ಒಂದು ಸಲ ತೂಬು ಒಡೆದು ಗದ್ದೆಗೆ ನೀರು ನುಗ್ಗುತ್ತಿದೆ. ತಾತ ಓಡಿಹೋಗಿ ಜಗುಲಿಯ ಕೆಳಗೆ ನಿಂತು ಹೇಳಿದ್ದು, 'ಬುದ್ಧೀ, ಆ ಕಡೀಕ್ ಒಸಿ ಬಂದ್ ನೋಡ್ಬೇಕಾಗಿತ್ತು'. ತೂಬು ಒಡೆದಿದೆ ಅನ್ನಲಿಲ್ಲ. ಗೌಡರೇ ಬಂದು, ನೋಡಿ, 'ಲೇ, ತೂಬು ಹೋಗದೆ ಕಣ್ಲಾ' ಅಂದರು. ತಾತ 'ಅಯ್ಯೋ ಹೌದಲ್ವಾ ಬುದ್ಧೀ' ಅಂದರು. ರಾತ್ರಿ ಮನೆಯಲ್ಲಿ ಇದನ್ನೆಲ್ಲ ಗೌಡರ ದನಿಯಲ್ಲೇ ಆಡಿ ತೋರಿಸುತ್ತಿದ್ದರು. ಅಜ್ಜಿ ನಕ್ಕು ನಕ್ಕು ಮುದ್ದೆ ತಿರುಗಿಸೋದನ್ನೇ ಬಿಡುತ್ತಿದ್ದಳು. ಈಗ ಅನಿಸುತ್ತದೆ, ನಮ್ಮ ತಾತ ಜಿಮ್ ಪಾಠ ಮಾಡಿದ ಶಾಲೆಯಲ್ಲೇ ಓದಿದವರು.

ಸಂಶಯಾತ್ಮ:
ಮನಸ್ಸಿಗೆ ತಟ್ಟಿತು ಸರ್. ಆದರೂ ಒಂದು ಮಾತು, ಬೇಜಾರಾಗಬೇಡಿ. ಜಿಮ್‌ನಂಥ ಮಿಸೂರಿಯ ಗುಲಾಮನನ್ನು ಹೆಂಡತಿ ಮಕ್ಕಳಿಂದ ಕಿತ್ತು ಸಂತೆಯಲ್ಲಿ ಮಾರಬಹುದಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಸರಿಯಾ?

ಕಾವೇರಿ ದಂಡೆ:
ನಾನು ತೂಗಲಿಲ್ಲ ಸರ್. ಭಾಷೆ ಒಂದೇ ಅಂದೆ, ಅಷ್ಟೇ. ಹೆದರಿಕೆ ಎಷ್ಟು ಅನ್ನೋದು ಬೇರೆ ಇರಬಹುದು. ನಾಟಕ ಮಾತ್ರ ಅದೇ.

ಹುಬ್ಬಳ್ಳಿ ಹುಡುಗಿ:
ಕಾವೇರಿ ದಂಡೆ ಅಣ್ಣಾ, ನಿಮ್ಮ ತಾತ ನೆನಪಲ್ಲುಳಿಯುತ್ತಾರೆ.

ಆದರೆ ನನಗೆ 'ಜೇಮ್ಸ್'ನಲ್ಲಿ ತಕರಾರು ಇರುವುದೇ ಆ ದೃಶ್ಯದ ಬಗ್ಗೆ. ಮನೆಯೊಳಗೆ ಗುಲಾಮರೆಲ್ಲ ಪ್ರೊಫೆಸರ್ ಥರ ಮಾತಾಡುತ್ತಾರೆ. ಜಿಮ್ ಕನಸಿನಲ್ಲಿ ವಾಲ್ಟೇರ್, ಲಾಕ್ ಥರದ ಯುರೋಪಿನ ತತ್ವಜ್ಞಾನಿಗಳ ಜೊತೆ ವಾದ ಮಾಡುತ್ತಾನೆ. ಹಾಗಾದರೆ ಆಡುಮಾತು ಬರೀ ವೇಷ, ಪುಸ್ತಕದ ಭಾಷೆಯೇ ನಿಜವಾದ ತಲೆ ಇರುವವರದು ಅಂತಾಯಿತಲ್ಲ? ಆ ಜನ ನಿಜವಾಗಿ ತಮ್ಮದೇ ಒಂದು ಇಂಗ್ಲಿಷ್ ಕಟ್ಟಿಕೊಂಡಿದ್ದರು. ಅದರಲ್ಲೇ ಹಾಡಿದರು, ಪ್ರಾರ್ಥನೆ ಮಾಡಿದರು, ಮಕ್ಕಳನ್ನು ಬೈದರು. ಅದು ಎಲ್ಲಿ ಹೋಯಿತು? ನಮಗೆ ಇದರ ಉರಿ ಗೊತ್ತು. ಸಿನಿಮಾದಲ್ಲಿ ಯಾರಾದರೂ 'ಏನ್ರೀ ಯಪ್ಪಾ, ಹಿಂಗ್ಯಾಕ ಮಾಡ್ತೀರಿ' ಅಂದರೆ ಸಾಕು, ಅದು ಕಾಮಿಡಿ ಸೀನ್.

ಇಂಗ್ಲಿಷ್ ಮೇಷ್ಟ್ರು:
ಒಳ್ಳೆಯ ತಕರಾರು ಮೇಡಂ. ಆದರೆ ಎವರೆಟ್ ಇದನ್ನು ಇತಿಹಾಸ ಅಂತ ಬರೆದಿಲ್ಲ ಅನಿಸುತ್ತದೆ. ಇದು ಟ್ವೇನ್ ಪುಸ್ತಕದ ಜೊತೆ ಆಡಿದ ಆಟ. ಬರೆಯುವ ಮೊದಲು 'ಹಕಲ್‌ಬೆರಿ ಫಿನ್' 15 ಸಲ ಒಂದರ ಹಿಂದೊಂದು ಓದಿದರಂತೆ. ಓದಿ ಓದಿ ರೇಜಿಗೆ ಹುಟ್ಟಿದ ಮೇಲೆ ಅದನ್ನು ಮತ್ತೆ ತೆರೆಯದೆ ತಮ್ಮದನ್ನು ಬರೆದರು. ಟ್ವೇನ್ ಜಿಮ್ ಬಾಯಿಗೆ ಇಟ್ಟ ಭಾಷೆ ಒಬ್ಬ ಬಿಳಿಯ ಕಿವಿಗೊಟ್ಟು ಬರೆದದ್ದು. ಬಿಳಿಯ ಕೇಳುತ್ತಿದ್ದಾನೆ ಅಂತ ಗೊತ್ತಿದ್ದರೆ ಜಿಮ್ ಹೇಗೆ ಮಾತಾಡಿರಬಹುದು? ಕತೆ ಹುಟ್ಟುವುದೇ ಆ ಪ್ರಶ್ನೆಯಿಂದ. ಒಳಗಿನ ಶುದ್ಧ ಇಂಗ್ಲಿಷ್ ಅದರ ಮುಂದಿನ ಜೋಕು.

ಹುಬ್ಬಳ್ಳಿ ಹುಡುಗಿ:
ಜೋಕು ಅಂತ ಗೊತ್ತು ಸರ್. ಮೊದಲ 50 ಪುಟ ನಾನೂ ನಕ್ಕೆ. ಆಮೇಲೂ ಅದೇ ಜೋಕು. ಇರಲಿ, ಇದನ್ನು ಕನ್ನಡಕ್ಕೆ ತರಬೇಕಾದರೆ ಆ ತೊದಲು ಭಾಷೆಗೆ ಯಾರ ಕನ್ನಡ ತಗೋತೀರಿ?

ಇಂಗ್ಲಿಷ್ ಮೇಷ್ಟ್ರು:
ಹಳೇ ಮೈಸೂರಿನ ಹಳ್ಳಿ ಮಾತು ಹೊಂದಬಹುದೇನೋ.

ಹುಬ್ಬಳ್ಳಿ ಹುಡುಗಿ:
ನೋಡಿ, ಇದನ್ನೇ ಹೇಳಿದ್ದು! ನಮ್ಮದು ಬೇಡ ಅಂದರೆ ಪಕ್ಕದವರದು. ಗುಲಾಮನ ಬಾಯಿಗೆ ಯಾವುದೋ ಒಂದು ಊರನ್ನು ತುರುಕಲೇಬೇಕಾ? ಬಾನು ಮುಷ್ತಾಕ್ ಅವರ ಕತೆಗಳನ್ನು ಇಂಗ್ಲಿಷಿಗೆ ತಂದಾಗ ದೀಪಾ ಭಾಸ್ತಿ ಎಷ್ಟೋ ಪದಗಳನ್ನು ಹಾಗೇ ಬಿಟ್ಟರು, ಇಂಗ್ಲಿಷ್ ಓದುಗರೇ ಒಂದು ಹೆಜ್ಜೆ ಮುಂದೆ ಬರಲಿ ಅಂತ. ಇಲ್ಲಿ ಆ ದಾರಿಯೂ ಇಲ್ಲ. 'ಅಯ್ಯೋ ಅಮ್ಮೋರೇ' ಅನ್ನೋದಕ್ಕೆ ಪುಸ್ತಕದಲ್ಲಿರುವ 'ಲಾಡಿ ಮಿಸಮ್' ಅನ್ನೋದನ್ನು ಹಾಗೇ ಬಿಟ್ಟರೆ ಯಾರಿಗೆ ಏನು ಅರ್ಥವಾಗುತ್ತದೆ?

ಕಾವೇರಿ ದಂಡೆ:
ತಂಗೀ, ನಮ್ಮ ತಾತ ಗೌಡರ ಮುಂದೆ ಆಡುತ್ತಿದ್ದದ್ದು ನಮ್ಮೂರ ಭಾಷೆ ಅಲ್ಲ. ಗೌಡರೂ ಅದೇ ಊರು, ಪದಗಳೂ ಹೆಚ್ಚು ಕಮ್ಮಿ ಅವೇ. ಮನೆಯಲ್ಲಿ ತಾತ ನೇರವಾಗಿ, ಬಿರುಸಾಗಿ ಮಾತಾಡೋರು. ಜಗುಲಿ ಮುಂದೆ ಅವೇ ಪದಗಳು ಬಗ್ಗಿ ಬರುತ್ತಿದ್ದವು. ಅರ್ಧಕ್ಕೇ ನಿಲ್ಲುತ್ತಿದ್ದವು. ಪ್ರಶ್ನೆ ಥರ ಕೇಳಿಸುತ್ತಿದ್ದವು. ಕನ್ನಡಕ್ಕೆ ತರುವವರು ಯಾವ ಜಿಲ್ಲೆ ಅಂತ ಹುಡುಕದೆ ಆ ಬಗ್ಗುವಿಕೆ ಹುಡುಕಿದರೆ ಸಾಕಲ್ವಾ? ಅದು ಹುಬ್ಬಳ್ಳಿಯಲ್ಲೂ ಇರುತ್ತದೆ, ಮಂಗಳೂರಲ್ಲೂ ಇರುತ್ತದೆ. ಧಣಿ ಇದ್ದ ಕಡೆಯೆಲ್ಲ ಇರುತ್ತದೆ.

ಹುಬ್ಬಳ್ಳಿ ಹುಡುಗಿ:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಕಡೆ ಅದು 'ಹೌದ್ರೀ ಧಣ್ಯಾರ'. ಮನೆಯೊಳಗಿನ ಶುದ್ಧ ಇಂಗ್ಲಿಷ್ ಬಗ್ಗೆ ನನ್ನ ತಕರಾರು ಹಾಗೇ ಇದೆ, ಅದನ್ನು ವಾಪಸ್ ತಗೊಳ್ಳಲ್ಲ.

ಪುಟತಿರುವಿ:
ನಾನು ಎತ್ತಿದ ಪ್ರಶ್ನೆ ಎಲ್ಲೋ ಹೋಯಿತು, ಚರ್ಚೆ ಚೆನ್ನಾಗಾಯಿತು. ಸಂಶಯಾತ್ಮ, 'ದಿ ಟ್ರೀಸ್' ಯಾಕೆ ದೊಡ್ಡದು ಅಂತ ಹೇಳಲೇ ಇಲ್ಲ ನೀವು.

ಸಂಶಯಾತ್ಮ:
ಮಿಸಿಸಿಪ್ಪಿ ರಾಜ್ಯದ ಮನಿ ಅನ್ನೋ ಊರಲ್ಲಿ ನಡೆಯುತ್ತದೆ. 1955ರಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಕೊಂದದ್ದು ಅಲ್ಲಿಗೆ ಬಂದಿದ್ದಾಗಲೇ. ಕೊಂದವರನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಬಿಟ್ಟುಬಿಟ್ಟಿತು. ಎವರೆಟ್ ಕಾದಂಬರಿ ಇದನ್ನಿಟ್ಟುಕೊಂಡು ಪತ್ತೇದಾರಿ ಕತೆ ಹೇಳುತ್ತದೆ, ಅದೂ ತಮಾಷೆಯಾಗಿ! ಇಬ್ಬರು ಕಪ್ಪು ಪತ್ತೇದಾರರು ಬರುತ್ತಾರೆ, ಪುಟಪುಟಕ್ಕೂ ಚಟಾಕಿ. ನಗುತ್ತಾ ಹೋಗುತ್ತೀರಿ. ನಡುವೆ ಪುಟಗಟ್ಟಲೆ ಬರೀ ಹೆಸರುಗಳು. ಗುಂಪುಗಳ ಕೈಗೆ ಸಿಕ್ಕಿ ಸತ್ತವರ ಹೆಸರು, ಒಂದರ ಕೆಳಗೊಂದು. ಒಬ್ಬ ಸಂಶೋಧಕ ಕೂತು ಅವನ್ನೆಲ್ಲ ಪೆನ್ಸಿಲ್‌ನಲ್ಲಿ ಬರೆಯುತ್ತಾನೆ. ಯಾಕೆ ಪೆನ್ಸಿಲ್? ಬರೆದಾಗ ಅವರು ಅಂಕಿಸಂಖ್ಯೆಯಾಗಿ ಉಳಿಯದೆ ಮನುಷ್ಯರಾಗುತ್ತಾರಂತೆ. ಮುಗಿದ ಮೇಲೆ ಎಲ್ಲ ಅಳಿಸಿ ಬಿಡುಗಡೆ ಮಾಡುತ್ತಾನಂತೆ. ಆ ಪುಟಗಳನ್ನು ನಾನು ಮೊದಲ ಸಲ ಹಾರಿಸಿಕೊಂಡು ಹೋದೆ, ಸುಳ್ಳು ಯಾಕೆ ಹೇಳಲಿ. ಆ ರಾತ್ರಿ ಮತ್ತೆ ತೆಗೆದು ಒಂದೊಂದೇ ಓದಿದೆ.

ಕಡಲಾಚೆ ಭಟ್ಟ:
'ಜೇಮ್ಸ್'ನಲ್ಲೂ ಪೆನ್ಸಿಲ್ ಇದೆ ನೋಡಿ. ಜಿಮ್ ತನ್ನ ಕತೆ ಬರೆಯುವ ತುಂಡು ಪೆನ್ಸಿಲ್. ಅದನ್ನು ಯಜಮಾನನಿಂದ ಕದ್ದು ತಂದುಕೊಟ್ಟ ಹುಡುಗ ಅದಕ್ಕಾಗಿ ಜೀವವನ್ನೇ ಕಳೆದುಕೊಳ್ಳುತ್ತಾನೆ. ಎಷ್ಟು ಪುಟ್ಟ ವಸ್ತು.

ಕಾಫಿ ಜೊತೆ:
ಭಟ್ರೇ!! ನಾನು ಇನ್ನೂ 80ನೇ ಪುಟದಲ್ಲಿದ್ದೇನೆ!!

ಕಡಲಾಚೆ ಭಟ್ಟ:
ಕ್ಷಮಿಸಿ ಕ್ಷಮಿಸಿ. ದೊಡ್ಡ ಗುಟ್ಟು ಬೇರೆ ಇದೆ, ಅದನ್ನು ಬಾಯಿಬಿಟ್ಟಿಲ್ಲ. ಹಕ್ ಬಗ್ಗೆ ಯಾರು ಏನು ಹೇಳಿದರೂ ಕಿವಿ ಮುಚ್ಚಿಕೊಳ್ಳಿ.

ಕಾಫಿ ಜೊತೆ:
ಹಕ್ ಬಗ್ಗೆ ಏನೋ ಇದೆ ಅಂತ ಈಗ ಗೊತ್ತಾಯಿತಲ್ಲ ಮಾರಾಯರೇ. ಇದು ಮುಗಿದ ಮೇಲೆ ಯಾವುದು ಓದಲಿ? ಯಾರೂ ಕೆಡಿಸಲಾಗದ ಪುಸ್ತಕ ಹೇಳಿ.

ಇಂಗ್ಲಿಷ್ ಮೇಷ್ಟ್ರು:
ಹಾಗಾದರೆ 2020ರ 'ಟೆಲಿಫೋನ್'. ಮಗಳಿಗೆ ವಾಸಿಯಾಗದ ಕಾಯಿಲೆ ಬಂದ ಒಬ್ಬ ಅಪ್ಪನ ಕತೆ. ಎವರೆಟ್ ಇದನ್ನು ಮೂರು ರೂಪದಲ್ಲಿ ಬರೆದು ಮೂರನ್ನೂ ಒಂದೇ ಹೆಸರಲ್ಲಿ ಅಚ್ಚು ಹಾಕಿಸಿದರು. ರಕ್ಷಾಪುಟದಲ್ಲೂ ವ್ಯತ್ಯಾಸ ತುಂಬ ಸಣ್ಣದು. ನಿಮ್ಮ ಕೈಗೆ ಯಾವುದು ಸಿಗುತ್ತದೆಯೋ ಅದೇ ನಿಮ್ಮ ಕತೆ. ಪುಲಿಟ್ಜರ್‌ನ ಕೊನೆಯ ಪಟ್ಟಿಗೂ ಬಂದಿತ್ತು.

ಸಂಶಯಾತ್ಮ:
ಒಂದು ನಿಮಿಷ. ಮೇಷ್ಟ್ರೇ, ಎರಡು ವರ್ಷದ ಹಿಂದೆ 'ಟೆಲಿಫೋನ್' ಕೊನೆ ಬಗ್ಗೆ ನಾವಿಬ್ಬರೂ ಇಲ್ಲೇ ಜಗಳ ಆಡಿದ್ದೆವಲ್ಲ. ನೀವು ಸರಿಯಾಗಿ ಓದಿಲ್ಲ ಅಂತ ನಾನು ಬೈದಿದ್ದೆ. ನಿಮ್ಮ ಪ್ರತಿ ಯಾವುದು?

ಇಂಗ್ಲಿಷ್ ಮೇಷ್ಟ್ರು:
ಅಯ್ಯೋ. ಪುಸ್ತಕ ಕಾಲೇಜಿನಲ್ಲಿದೆ. ಸೋಮವಾರ ಕೊನೆಯ ಪುಟ ನೋಡಿ ಫೋನ್ ಮಾಡ್ತೇನೆ. ಇಲ್ಲಿ ಬರೆಯೋಲ್ಲ, ಕಾಫಿಯವರು ಬಿಡೋಲ್ಲ.